ಜೂನಿಯರ್ ಪದ್ಮರೇಖಾಳ ಹೆಸರು

ಹೋದ ತಿಂಗಳು ಮೈಸೂರಿನಲ್ಲಿ ನೆಂಟರ ಮನೆಯ ಆರತಕ್ಷತೆ. ಆರ್ಕೆಸ್ಟ್ರಾದವರು ಒಬ್ಬ 'ಜೂನಿಯರ್'ನನ್ನು ಕರೆಸಿದ್ದರು. ತೀರಿಹೋದ ನಟನ ಹಾಗೆ ಕೂದಲು ಬಾಚಿ, ಅವನ ಹಾಗೇ ಹೆಜ್ಜೆ ಹಾಕಿ, ಅವನ ದನಿಯಲ್ಲೇ ನಾಲ್ಕು ಡೈಲಾಗ್ ಹೊಡೆದು ಹೊಟ್ಟೆ ಹೊರೆಯುವವರನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಕಾರ್ಯಕ್ರಮ ಮುಗಿಸಿದ ಆತ ಊಟದ ಹಾಲಿಗೆ ಬಂದು ನಮ್ಮ ಪಕ್ಕದಲ್ಲೇ ನಿಂತ. ಮುಖಕ್ಕೆ ಮೇಕಪ್ಪಾಗಿ ಬಳಿದ, ಬೆವರಿನಲ್ಲಿ ನೆನೆದ ಪ್ಯಾನ್‌ಕೇಕಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಸೆಲ್ಫಿ ತೆಗೆದುಕೊಂಡ ನನ್ನ ತಂಗಿಯ ಮಗಳು, "ಅಂಕಲ್, ನಿಮ್ಮ ನಿಜವಾದ ಹೆಸರೇನು?" ಎಂದು ಕೇಳಿಬಿಟ್ಟಳು. ನಾನು ಅವಳ ರಟ್ಟೆ ಹಿಡಿದು ಎಳೆದೆ. "ಅದೆಲ್ಲಾ ನಿನಗ್ಯಾಕೆ, ನಡಿ ಸುಮ್ನೆ" ಎಂದು ನಾನು ಗದರಿದ್ದು ಅರ್ಧ ಪಂಕ್ತಿಗೆ ಕೇಳಿಸಿತು. ಆತನೇ ಪೆಚ್ಚಾಗಿ ನಕ್ಕ. ಹುಡುಗಿ ಮನೆಗೆ ಬರುವವರೆಗೂ ಮುಖ ಊದಿಸಿಕೊಂಡೇ ಇದ್ದಳು.

ಅವಳಿಗೆ ಎಲ್ಲಿಂದ ಶುರುಮಾಡಿ ಹೇಳಲಿ? ಆ ವಾಸನೆ ನನ್ನ ಪಾಲಿಗೆ ದುಬೈಯದು. ಇನೇಸ್ ಬಂದು ಹೋದ ವರ್ಷದ್ದು.

ಎರಡು ಸಾವಿರದ ಮೂರನೇ ಇಸವಿ. ನಾನು ದುಬೈಯ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿದ್ದೆ. ಹೊರದೇಶದಿಂದ ಬರುವ ಪ್ರಾಧ್ಯಾಪಕರಿಗೆ ವೀಸಾ, ಫ್ಲ್ಯಾಟು, ಗ್ಯಾಸ್ ಸಿಲಿಂಡರು, ಭಾಷಣಕ್ಕೆ ಸಭಾಂಗಣ, ಅದಕ್ಕೆ ಮೈಕು, ಇವಿಷ್ಟನ್ನೂ ಹೊಂದಿಸುವುದು ನನ್ನ ಕೆಲಸ. ನನ್ನ ಗಂಡ ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಅಕೌಂಟೆಂಟ್. ಬೆಳಕು ಹರಿಯುವ ಮೊದಲು ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ಆ ಸೆಪ್ಟೆಂಬರಿನಲ್ಲಿ ಸೆಕೆ ಇನ್ನೂ ಇಳಿದಿರಲಿಲ್ಲ. ಏರ್‌ಪೋರ್ಟಿನ ಬಾಗಿಲು ದಾಟಿದ ತಕ್ಷಣ ಕನ್ನಡಕದ ಮೇಲೆ ಹಬೆ ಕೂತು ಏನೂ ಕಾಣದಾಗುವ ಕಾಲ. ಹಾಗೆ ಕುರುಡಾಗಿ ನಿಂತು ನಗುತ್ತಿದ್ದ ಐವತ್ತರ ಹೆಂಗಸನ್ನು ನಾನು ಕೈ ಹಿಡಿದು ಟ್ಯಾಕ್ಸಿಗೆ ಕರೆದುಕೊಂಡು ಹೋದೆ. ಅವರೇ ಇನೇಸ್.

ಅಮೆರಿಕದ ದಕ್ಷಿಣದ ಅಂಚಿನಲ್ಲಿ, ನದಿ ದಾಟಿದರೆ ಮೆಕ್ಸಿಕೊ ಎನ್ನುವಂಥ ಊರಿನಲ್ಲಿ ಹುಟ್ಟಿದವರು. ಮನೆಯ ಮಾತು ಸ್ಪ್ಯಾನಿಷ್. ಕವಿ, ಪ್ರೊಫೆಸರು, ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ನಮ್ಮ ಕಾಲೇಜಿಗೆ ಅತಿಥಿ. ಬಣ್ಣ, ಕೂದಲು ನೋಡಿ ದೇರಾದಲ್ಲಿ ತರಕಾರಿ ಅಂಗಡಿಯವರು ಅವರನ್ನು ಲೆಬನಾನಿನವರೆಂದು ಅರಬ್ಬಿಯಲ್ಲಿ ಮಾತಾಡಿಸುತ್ತಿದ್ದರು. ಟ್ಯಾಕ್ಸಿಯವರು ಪಂಜಾಬಿನವರೆಂದು ಹಿಂದಿಯಲ್ಲಿ. ಅವರು ಓದಿ ಬರೆದದ್ದೆಲ್ಲ ಒಬ್ಬ ಹಾಡುಗಾರ್ತಿಯ ಬಗ್ಗೆ. ಅವರ ಜನದಲ್ಲೇ ಹುಟ್ಟಿ, ಊರೂರು ತಿರುಗಿ ಹಾಡಿ, ಹೆಸರು ಮಾಡುವ ಹೊತ್ತಿಗೆ ಬಸ್ಸು ಉರುಳಿ ಸತ್ತ ಹುಡುಗಿ. ಅವಳು ಸತ್ತ ಮೇಲೆ ಜನ ಅವಳನ್ನು ಏನು ಮಾಡಿದರು ಎಂಬುದು ಇನೇಸರ ವಿಷಯ. ಅವಳ ಚಿತ್ರ ಗೋಡೆಗೆ ಬಂತು, ಸೋಪಿನ ಪೊಟ್ಟಣಕ್ಕೆ ಬಂತು, ಅವಳ ಹಾಗೆ ಉಡುಪು ತೊಟ್ಟ ಹುಡುಗಿಯರ ಸ್ಪರ್ಧೆ ವರ್ಷವರ್ಷ ನಡೆಯಿತು. ಇನೇಸ್ ಇದರ ಮೇಲೆ ಪದ್ಯ ಬರೆದಿದ್ದರು. ಅದನ್ನು ಲೈಬ್ರರಿ, ಚರ್ಚು, ಬಟ್ಟೆ ಒಗೆಯುವ ಅಂಗಡಿ ಎನ್ನದೆ ಎಲ್ಲೆಂದರಲ್ಲಿ ನಿಂತು ಓದಿದ್ದರು. ಇದಕ್ಕೂ ಡಾಕ್ಟರೇಟ್ ಕೊಡುತ್ತಾರಾ ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದುಂಟು.

ನಗು ನಿಂತದ್ದು ಅವರ ತಂಗಿಯ ಕತೆ ಕೇಳಿದ ಮೇಲೆ. ತಂಗಿ ಆ ಹಾಡುಗಾರ್ತಿಯನ್ನೇ ಹೋಲುತ್ತಿದ್ದಳಂತೆ. ಸ್ಪರ್ಧೆಯಲ್ಲಿ ಗೆದ್ದು, ಮದುವೆ ಮನೆಗಳಲ್ಲಿ ಆ ಹುಡುಗಿಯಾಗಿ ಹಾಡುತ್ತಾ ಹತ್ತಾರು ವರ್ಷ ಬಾಳಿದಳು. ಕಾಯಿಲೆಯಿಂದ ಅವಳು ಸತ್ತಾಗ ಊರಿನ ಪತ್ರಿಕೆ, ಇಂಥ ಗಾಯಕಿಯ ಅನುಕರಣೆ ಮಾಡುತ್ತಿದ್ದ ಮಹಿಳೆ ನಿಧನ ಎಂದು ಬರೆಯಿತೇ ಹೊರತು ಹೆಸರು ಹಾಕಲಿಲ್ಲ. "ನನ್ನ ತಂಗಿಯ ಸಾವನ್ನೂ ಆ ಹುಡುಗಿಗೇ ಕೊಟ್ಟುಬಿಟ್ಟರು" ಎಂದರು ಇನೇಸ್. ಅಂದಿನಿಂದ ಅವರದ್ದು ಒಂದೇ ಹಟ. ವೇಷ ಹಾಕುವವರ ಸ್ವಂತ ಹೆಸರು ಕೇಳಬೇಕು, ಅದನ್ನು ಎಲ್ಲರೆದುರು ಹೇಳಬೇಕು.

ರಂಜಾನ್ ತಿಂಗಳು ಬಂತು. ಕಾಲೇಜು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಈ ಊರಿನಲ್ಲಿ ದುಡಿಯುವವರು ಯಾವ ಸತ್ತ ತಾರೆಯನ್ನು ಮನಸ್ಸಿನಲ್ಲಿ ಹೊತ್ತು ತಂದಿದ್ದಾರೆ ನೋಡಬೇಕು ಎಂದು ಇನೇಸ್ ಹಟ ಹಿಡಿದದ್ದರಿಂದ ನಾನು ಅವರನ್ನು ಅಲ್ ಮುರಕ್ಕಬಾತಿನ ಹಮೀದಾಕನ ಕ್ಯಾಸೆಟ್ ಅಂಗಡಿಗೆ ಕರೆದೊಯ್ದೆ. ಹಮೀದಾಕ ಪುತ್ತೂರಿನ ಬ್ಯಾರಿ. ಕನ್ನಡ, ತುಳು, ಮಲಯಾಳ, ಬ್ಯಾರಿ ಹಾಡುಗಳ ಕ್ಯಾಸೆಟ್ಟು, ಸಿ.ಡಿ., ಊರಿಗೆ ಫೋನ್ ಮಾಡುವ ಕಾರ್ಡು, ಮೂಲೆಯಲ್ಲಿ ಗಾಜಿನ ಗೂಡಿನೊಳಗೆ ಒಂದು ಫೋನು. ಮಂಗಳೂರು ಕಡೆಯವರೆಲ್ಲ ಅಣ್ಣ ಎಂಬ ಅರ್ಥದಲ್ಲಿ ಹಮೀದಾಕ ಎನ್ನುತ್ತಿದ್ದರು, ನನಗೂ ಅದೇ ರೂಢಿಯಾಗಿತ್ತು.

"ಸತ್ತವರದ್ದೇ ಹೆಚ್ಚು ಹೋಗುವುದು ಮೇಡಂ" ಎಂದ ಆತ. "ಬದುಕಿದ್ದವರದ್ದು ರೇಟ್ ಕಮ್ಮಿ ಮಾಡಿದರೂ ಕೇಳುವವರಿಲ್ಲ. ನಿಮ್ಮ ಪದ್ಮರೇಖಾನದ್ದು ನೋಡಿ, ಇಟ್ಟ ಹಾಗೆ ಖಲಾಸ್."

ಪದ್ಮರೇಖಾ ಎಂದರೆ ನನ್ನ ಅಮ್ಮನ ಕಾಲದ ನಾಯಕಿ. ಅವಳು ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಬಂದ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಇದನ್ನೆಲ್ಲ ಇನೇಸರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಾಗಲೇ ಬಾಗಿಲು ತೆರೆದು ಪದ್ಮರೇಖಾ ಒಳಗೆ ಬಂದಳು. ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಅದೇ ಅಗಲವಾದ ಹಣೆ, ಅದೇ ಬಾಗಿದ ಹುಬ್ಬು, ಗಲ್ಲದ ಮೇಲೆ ಕಾಡಿಗೆಯಲ್ಲಿ ಇಟ್ಟ ಮಚ್ಚೆ. ಹತ್ತಿರ ಬಂದಾಗ ಒಣಗಿದ ಪ್ಯಾನ್‌ಕೇಕಿನ ವಾಸನೆ. "ಹಮೀದಣ್ಣ, ಆ ಟ್ರ್ಯಾಕು ಬಂತಾ?" ಎಂದಳು, ಅಪ್ಪಟ ಮಂಡ್ಯದ ದನಿಯಲ್ಲಿ.

ಹಿಂದಿನ ಬೀದಿಯ ಹೋಟೆಲೊಂದರ ಮೊದಲ ಮಹಡಿಯಲ್ಲಿ ಅವಳ ಕೆಲಸ. ಅಲ್ಲಿ ಒಂದೊಂದು ಭಾಷೆಗೆ ಒಂದೊಂದು ಕೋಣೆ. ಕನ್ನಡದ ಕೋಣೆಯಲ್ಲಿ ಹುಡುಗಿಯರು ಸಾಲಾಗಿ ಕೂತು, ಸರದಿ ಬಂದಾಗ ಎದ್ದು ಹಾಡಿಗೆ ಕುಣಿಯುತ್ತಿದ್ದರು. ಮೆಚ್ಚಿದ ಗಿರಾಕಿ ವೇಟರ್ ಕೈಯಲ್ಲಿ ಪ್ಲಾಸ್ಟಿಕ್ ಹೂವಿನ ಮಾಲೆ ಕೊಟ್ಟು ಕಳಿಸುತ್ತಿದ್ದ. ಕೊರಳಿಗೆ ಎಷ್ಟು ಮಾಲೆ ಬಿತ್ತು ಎನ್ನುವುದರ ಮೇಲೆ ಹುಡುಗಿಯ ಬೆಲೆ. ಪಾಸ್‌ಪೋರ್ಟು ಮ್ಯಾನೇಜರನ ಬೀರುವಿನಲ್ಲಿ. ಇರುವುದು ಒಂದು ಫ್ಲ್ಯಾಟಿನಲ್ಲಿ ಎಂಟು ಹತ್ತು ಜನ. ಹೋಗಿ ಬರುವುದು ವ್ಯಾನಿನಲ್ಲೇ. ರಂಜಾನಿನಲ್ಲಿ ಹಾಡು ಕುಣಿತ ಬಂದ್ ಆದ್ದರಿಂದ, ಹಾಡಿನ ಟ್ರ್ಯಾಕ್ ತರುವ ನೆಪದಲ್ಲಿ ಅವಳಿಗೆ ಹಮೀದಾಕನ ಅಂಗಡಿಯವರೆಗೆ ಬರಲು ಬಿಡುತ್ತಿದ್ದರು. ಆಮೇಲೂ ವಾರಕ್ಕೊಮ್ಮೆ ಹಗಲಿನಲ್ಲಿ ಬರುವುದು ರೂಢಿಯಾಯಿತು; ಬೀದಿಗೆ ಬಂದರೂ ಅವಳು ಬಣ್ಣ, ಮಚ್ಚೆ ಬಿಡುತ್ತಿರಲಿಲ್ಲ.

"ಹೆಸರು ಕೇಳಿ" ಎಂದು ಇನೇಸ್ ನನ್ನ ಮೊಣಕೈ ತಿವಿದರು. ಕೇಳಿದೆ.

"ಜೂನಿಯರ್ ಪದ್ಮರೇಖಾ ಅನ್ನಿ ಅಕ್ಕ, ಅಷ್ಟ್ ಸಾಕು" ಎಂದಳು.

ಸ್ವಂತ ಹೆಸರು ಶೋಭಾ ಎಂದು ಅವಳು ನನಗೆ ಹೇಳಿದ್ದು ರಂಜಾನ್ ಮುಗಿಯುವ ಹೊತ್ತಿಗೆ, ಅದೂ ಇನೇಸ್ ಇಲ್ಲದ ದಿನ. ನಾನು ಮೈಸೂರಿನವಳು ಎಂಬ ಸಲಿಗೆ. ಗಂಡ ಬಿಟ್ಟು ಹೋಗಿದ್ದ. ಆರು ವರ್ಷದ ಮಗಳು ಪವಿತ್ರಾ ನಾಗಮಂಗಲದ ಹತ್ತಿರದ ಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಬೆಂಗಳೂರಿನ ಆರ್ಕೆಸ್ಟ್ರಾಗಳಲ್ಲಿ ಕುಣಿಯುತ್ತಿದ್ದದ್ದು ಕೂಡ ಮನೆಯವರಿಗೆ ತಿಳಿಯದು.

"ಊರ್ಗೆ ಆಸ್ಪತ್ರೇಲಿ ಆಯಾ ಕೆಲ್ಸ ಅಂತ ಯೋಳಿವ್ನಿ ಕನಕ್ಕ. ಏಪ್ರಿಲ್ಗೆ ವೀಸಾ ಮುಗೀತದೆ, ಒಂಟೋಯ್ತೀನಿ. ಮಂಡ್ಯದಲ್ಲಿ ಒಂದ್ ಮನೆ ಮಾಡಿ ಮಗೀನ ಇಸ್ಕೂಲ್ಗೆ ಸೇರ್ಸದು. ಅಮ್ಯಾಕೆ ಈ ಬಣ್ಣ ಮುಟ್ಟಕಿಲ್ಲ. ಅಲ್ಲೀವರ್ಗೂ ಊರಿಗೊಂದ್ ಗೊತ್ತಾಗ್ದೆ ಇದ್ರೆ ಆಯ್ತು."

ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಪದ್ಮರೇಖಾಳ ಮಚ್ಚೆಯ ಹಿಂದೆ ಶೋಭಾ ಕ್ಷೇಮವಾಗಿ ಬಚ್ಚಿಟ್ಟುಕೊಂಡಿದ್ದಳು. ಸತ್ತವಳ ಹೆಸರು ಬದುಕಿದ್ದವಳ ಮಾನ ಕಾಯುತ್ತಿತ್ತು. ಇನೇಸರ ತಂಗಿಯ ಪಾಲಿಗೆ ಯಾವುದು ಅನ್ಯಾಯವೋ ಇವಳ ಪಾಲಿಗೆ ಅದೇ ಆಸರೆ.

ಚಳಿಗಾಲದಲ್ಲಿ ದುಬೈ ಒಳ್ಳೆಯ ಊರು. ಬೆಳಿಗ್ಗೆ ಮಂಜು ಕವಿದು ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ. ಸಂಜೆ ಜನ ಮಕ್ಕಳು ಮರಿ ಕಟ್ಟಿಕೊಂಡು ಪಾರ್ಕಿನ ಹುಲ್ಲಿನ ಮೇಲೆ ಕೂರುತ್ತಿದ್ದರು. ಇನೇಸ್ ಫೆಬ್ರವರಿಗೆ ಒಂದು ಸಾರ್ವಜನಿಕ ಸಂಜೆ ಗೊತ್ತುಮಾಡಿದರು. ಕಾಲೇಜಿನ ಹಾಲಿನಲ್ಲಿ ಅವರ ಪದ್ಯವಾಚನ, ಹಾಡುಗಾರ್ತಿಯ ಬಗ್ಗೆ ಮಾತು, ಆಮೇಲೆ ತಂತಮ್ಮ ದೇಶದ ತೀರಿಹೋದ ತಾರೆಯನ್ನು ಒಬ್ಬೊಬ್ಬರು ವೇದಿಕೆಗೆ ತರುವುದು. ಮನಿಲಾದ ಒಬ್ಬ ನರ್ಸು ಒಪ್ಪಿದಳು, ಸುಡಾನಿನ ಒಬ್ಬ ಮೇಷ್ಟ್ರು ಒಪ್ಪಿದರು. ಕನ್ನಡದಿಂದ ಜೂನಿಯರ್ ಪದ್ಮರೇಖಾ ಬರಲೇಬೇಕು ಎಂದು ಇನೇಸ್ ಸ್ವತಃ ಹೋಟೆಲಿನ ಮ್ಯಾನೇಜರನ ಹತ್ತಿರ ಹೋದರು. ಅಮೆರಿಕದ ಪ್ರೊಫೆಸರು ಬಾಗಿಲಿಗೆ ಬಂದದ್ದೇ ಆತನಿಗೆ ದೊಡ್ಡ ಜಾಹೀರಾತು. ಶೋಭಾಳನ್ನು ಕೇಳದೆಯೇ ಹೂಂ ಎಂದುಬಿಟ್ಟ.

ಸುದ್ದಿ ಕೇಳಿ ಹಮೀದಾಕ ಮುಖ ಕಿವುಚಿದ. "ಬೇಡ ಮಾರಾಯ್ರೆ. ಆ ಹೆಣ್ಣು ಹೇಗೋ ದಿನ ದೂಡ್ತಾ ಉಂಟು. ಇವರಿಗೆ ಎಂತದ್ದಕ್ಕೆ ಇದೆಲ್ಲ?"

ಶೋಭಾಳದ್ದು ಒಂದೇ ಕರಾರು. "ಕುಣೀತೀನಿ, ಡೈಲಾಗ್ ಯೋಳ್ತೀನಿ. ಎಸ್ರು ಮಾತ್ರ ಕೇಳ್ಬ್ಯಾಡಿ ಅನ್ನಿ." ಇದನ್ನು ನಾನು ಇನೇಸರಿಗೆ ಮುಟ್ಟಿಸಿದ್ದು ಗರ್ಹೂದ್ ಸೇತುವೆಯ ಮೇಲೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಟ್ಯಾಕ್ಸಿಯೊಳಗೆ. ಅವರು ಸುಮ್ಮನೆ ಕೇಳುವ ಪೈಕಿಯಲ್ಲ. ಹೆಸರು ಮುಚ್ಚಿಡುವುದನ್ನು ಅವಳಿಗೆ ಆ ಮ್ಯಾನೇಜರ್ ಕಲಿಸಿದ್ದಾನೆ, ತನ್ನ ತಂಗಿಗೂ ಹಾಗೇ ಕಲಿಸಿದ್ದರು ಎಂದರು. ನಮ್ಮೂರು ಬೇರೆ, ನಮ್ಮ ಹಳ್ಳಿ ಬೇರೆ, ಅವಳಿಗೊಂದು ಮಗುವಿದೆ ಎಂದು ನಾನು ದನಿ ಏರಿಸಿದೆ. ಡ್ರೈವರು ಕನ್ನಡಿಯಲ್ಲಿ ನಮ್ಮನ್ನು ನೋಡಿದ. ಕೊನೆಗೆ ಇನೇಸ್ ನನ್ನ ಕೈ ಮೇಲೆ ಕೈಯಿಟ್ಟು, "ಕೇಳುವುದಿಲ್ಲ, ಮಾತು ಕೊಟ್ಟೆ" ಎಂದರು. ಅವರು ಸುಳ್ಳು ಹೇಳಿದರೆಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಆ ಹೊತ್ತಿಗೆ ಅವರ ಮನಸ್ಸಿನಲ್ಲಿ ಇದ್ದದ್ದು ಅದೇ.

ಆ ಸಂಜೆ ಹಾಲ್ ತುಂಬಿತ್ತು. ಕನ್ನಡ ಸಂಘದವರೆಲ್ಲ ರೇಷ್ಮೆ ಸೀರೆ, ಮಕ್ಕಳು, ಕ್ಯಾಮೆರಾ ಸಮೇತ ಬಂದಿದ್ದರು. ಮುಂದಿನ ಸಾಲಿನಲ್ಲಿ ಪುಟ್ಟಸ್ವಾಮಿ ಗೌಡರು. ಅಲ್ ಕೂಜಿನಲ್ಲಿ ಕಬ್ಬಿಣದ ವರ್ಕ್‌ಶಾಪ್ ಇಟ್ಟಿದ್ದ ಅವರು ಸಂಘದಲ್ಲಿ ಎಲ್ಲರಿಗೂ ಹಿರಿಯಣ್ಣ. ಯಾರಿಗೆ ಕೆಲಸ ಹೋದರೂ ಅವರ ಮನೆಯಲ್ಲಿ ಊಟ ಇತ್ತು. ಅವರಂಥ ಒಳ್ಳೆಯ ಮನುಷ್ಯರನ್ನು ನಾನು ಆ ದೇಶದಲ್ಲಿ ಹೆಚ್ಚು ಕಂಡಿಲ್ಲ.

ಇನೇಸ್ ಪದ್ಯ ಓದಿದರು. ಇಂಗ್ಲಿಷು ಅರ್ಧ, ಸ್ಪ್ಯಾನಿಷ್ ಅರ್ಧ. ಅರ್ಥವಾಗದವರೂ ತೆಪ್ಪಗೆ ಕೂತು ಕೇಳಿದರು. ನರ್ಸು ಹಾಡಿದಳು. ಆಮೇಲೆ ದೀಪ ಆರಿ ಪದ್ಮರೇಖಾ ಬಂದಳು. ಬಿಳಿ ಸೀರೆ, ಒಂದು ಕಡೆಗೆ ಮುಡಿದ ಹೂವು. ಗಂಡನ ಮನೆಯಿಂದ ಹೊರಗೆ ನಿಂತ ನಾಯಕಿ ಬಾಗಿಲಿನೊಂದಿಗೆ ಮಾತಾಡುವ ದೃಶ್ಯ. ಮಂಡ್ಯದ ದನಿ ಎಲ್ಲಿ ಹೋಯಿತೋ! ಅಕ್ಷರ ಅಕ್ಷರವೂ ಬಿಡಿಸಿಟ್ಟಂಥ ಆ ಹಳೆಯ ಸಿನಿಮಾ ಕನ್ನಡ, ವಾಕ್ಯದ ಕೊನೆಯಲ್ಲಿ ಮೆಲ್ಲಗೆ ಎಳೆಯುವ ಆ ದನಿ. ಪುಟ್ಟಸ್ವಾಮಿ ಗೌಡರು ಕರ್ಚೀಫು ತೆಗೆದರು. ನನಗೆ ಅಮ್ಮನ ನೆನಪಾಗಿ ಕಣ್ಣು ತುಂಬಿತು. ಹೋಟೆಲಿನ ಕೋಣೆಯಲ್ಲಿ ಅವಳನ್ನು ಹೀಗೆ ಯಾರೂ ನೋಡಿರಲಾರರು.

ದೀಪ ಹತ್ತಿದಾಗ ಇನೇಸ್ ಅಳುತ್ತಿದ್ದರು. ಓಡುವ ಹಾಗೆ ವೇದಿಕೆಗೆ ಬಂದು ಶೋಭಾಳ ಎರಡೂ ಕೈ ಹಿಡಿದುಕೊಂಡರು. ಅನುವಾದಕ್ಕೆಂದು ನಾನು ಮೈಕ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವರು ಇಂಗ್ಲಿಷಿನಲ್ಲಿ ಏನು ಕೇಳಿದರೂ ತಿರುಚಿ ಹೇಳುವುದಕ್ಕೆ ನಾನು ತಯಾರಿದ್ದೆ. ಆದರೆ ಅವರು ನನ್ನ ಕಡೆ ತಿರುಗಲೇ ಇಲ್ಲ. ಶೋಭಾಳ ಮುಖವನ್ನೇ ನೋಡುತ್ತಾ, ಕನ್ನಡದಲ್ಲಿ, ಒಂದೊಂದೇ ಪದ ಕಷ್ಟಪಟ್ಟು ಎತ್ತಿಟ್ಟು ಕೇಳಿದರು: "ನಿಮ್ಮ... ಹೆಸರು... ಏನು?"

ಯಾವಾಗಲೋ ಸಂಘದ ಹೆಂಗಸರ ಹತ್ತಿರ ಹೇಳಿಸಿಕೊಂಡು ಬಾಯಿಪಾಠ ಮಾಡಿದ್ದರಂತೆ, ಕರಾರಿಗೆ ಮುಂಚೆಯೇ. ತಂಗಿಯ ಮುಖ ಕಂಡಿತು, ಬಾಯಿಂದ ಬಂದುಬಿಟ್ಟಿತು ಎಂದು ಆಮೇಲೆ ಹೇಳಿದರು.

ಪರದೇಶದ ಹೆಂಗಸು ಕನ್ನಡ ಮಾತಾಡಿದಳೆಂದರೆ ನಮ್ಮವರಿಗೆ ಇನ್ನೇನು ಬೇಕು? ಹಾಲಿಗೆ ಹಾಲೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಸಿಳ್ಳೆ ಬಿತ್ತು. ಶೋಭಾ ನನ್ನನ್ನು ನೋಡಿದಳು. ಆ ಗದ್ದಲದಲ್ಲಿ ನಾನು ತಲೆಯಾಡಿಸಿದ್ದು ಅವಳಿಗೆ ಬೇಡವೆಂದು ಕಂಡಿತೋ ಹೇಳು ಎಂದು ಕಂಡಿತೋ ತಿಳಿಯದು. "ಶೋಭಾ" ಎಂದಳು. "ಶೋಭಾ!" ಎಂದು ಇನೇಸ್ ಅವಳ ಕೈ ಮೇಲೆತ್ತಿ ಹಿಡಿದರು. ಶೋಭಾ, ಶೋಭಾ ಎಂದು ಮಕ್ಕಳು ಕೂಗಿದವು.

ಅಷ್ಟಕ್ಕೇ ನಿಂತಿದ್ದರೆ ಕರ್ನಾಟಕದ ತುಂಬ ಶೋಭಾಗಳು, ಯಾರಿಗೆ ಯಾರು? ಆದರೆ ಕನ್ನಡದವರು ಹೆಸರಿಗೆ ನಿಲ್ಲುವ ಜನವೇ ಅಲ್ಲ. ರೈಲಿನಲ್ಲಿ ಎದುರು ಕೂತವನನ್ನೂ ಜಿಲ್ಲೆ, ತಾಲ್ಲೂಕು, ಊರು, ಬೀದಿ ಎಂದು ಕೆದಕುತ್ತಾ ಹೋಗಿ, ಎಲ್ಲೋ ಒಂದು ಕಡೆ ನೆಂಟಸ್ತಿಕೆಯ ಎಳೆ ಸಿಕ್ಕಿದ ಮೇಲೆಯೇ ನಮಗೆ ಸಮಾಧಾನ. ಪುಟ್ಟಸ್ವಾಮಿ ಗೌಡರು ಕಣ್ಣೊರೆಸಿಕೊಂಡು ಎದ್ದರು.

"ಯಾವೂರವ್ವ ನಿಂದು?"

"ಮಂಡ್ಯ ಕಡೆ ಸಾ."

"ಮಂಡ್ಯದಲ್ಲೆಲ್ಲಿ?"

"ನಾಗಮಂಗ್ಲ."

"ನಾಗಮಂಗ್ಲದಲ್ಲೆಲ್ಲಿ ಮಗ? ನಮ್ದೂ ಅದೇ ತಾಲ್ಲೂಕು ಕನವ್ವ."

ಅವಳು ಸೀರೆಯ ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಮೈಕಿನಲ್ಲಿ, ಈಗ ಸುಡಾನಿನ ಮೇಷ್ಟ್ರು ಬರುತ್ತಾರೆ ಎಂದೆ. ಯಾರೂ ಕೇಳಲಿಲ್ಲ. ಊರಿನ ಹೆಸರು ಬಂತು. ಯಾರ ಮನೆ ಮಗಳು ಎಂಬ ಪ್ರಶ್ನೆ ಬಂತು. ಅವಳು ನೆಲ ನೋಡುತ್ತಾ, "ಕೆರೆಕೋಡಿ ಬೋರೇಗೌಡ್ರ ಮಗ್ಳು" ಎಂದಳು.

"ಅಯ್ಯೋ ನನ್ ತಾಯಿ! ನಮ್ ಅತ್ಗೆ ತವರಲ್ವಾ ಅದು!" ಗೌಡರು ಸಂತೋಷ ತಡೆಯಲಾರದೆ ವೇದಿಕೆ ಹತ್ತಿ ಬಂದು ಅವಳ ತಲೆ ಸವರಿದರು. ಸಭೆ ನಕ್ಕಿತು. ಅಷ್ಟು ದೂರದ ಮರಳುಗಾಡಿನಲ್ಲಿ ಊರಿನ ಹುಡುಗಿ ಸಿಕ್ಕಿದಳಲ್ಲ ಎಂದು ಎಲ್ಲರಿಗೂ ಖುಷಿ. ಆ ಹಾಲಿನಲ್ಲಿ ಅವಳಿಗೆ ಕೆಡುಕು ಬಯಸಿದವರು ಒಬ್ಬರೂ ಇರಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಒಬ್ಬ ಕೆಟ್ಟವನಿದ್ದಿದ್ದರೆ ಅವನನ್ನಾದರೂ ಬೈದುಕೊಂಡು ಇರಬಹುದಿತ್ತು.

ಯಾವುದೋ ಒಂದು ಊರಿನ ಹೆಸರು, ಯಾವುದೋ ಒಂದು ಗೌಡರ ಹೆಸರು ಹೇಳಬಾರದಿತ್ತೇ ಎಂದು ಮುಂದಿನ ವಾರ ಅಂಗಡಿಯಲ್ಲಿ ಕೇಳಿದೆ. ಶೋಭಾ ನನ್ನನ್ನು ವಿಚಿತ್ರವಾಗಿ ನೋಡಿದಳು. "ಅಪ್ಪನ ಎಸ್ರು ಸುಳ್ಳು ಯೋಳಕಾಯ್ತದಾ ಅಕ್ಕ?"

ಅಷ್ಟು ಹೊತ್ತಿಗೆ ಗೌಡರು ಊರಿಗೆ ಫೋನ್ ಮಾಡಿ ಆಗಿತ್ತು. ನಾನು ಅಲ್ ಕೂಜಿಗೆ ಓಡಿದೆ. ವರ್ಕ್‌ಶಾಪಿನ ಗದ್ದಲದಲ್ಲಿ ಅವರು ಕಿವಿಗೆ ಕೈಯಿಟ್ಟು ಕೇಳಿಸಿಕೊಂಡರು. "ನಾನು ಒಳ್ಳೇ ಮಾತೇ ಆಡಿದ್ದು ಮೇಡಂ! ನಿಮ್ಮೂರ ಹುಡ್ಗಿ ಏನ್ ಪಾರ್ಟ್ ಮಾಡ್ತು, ಪದ್ಮರೇಖಾನೇ ಎದ್ದು ಬಂದಂಗಿತ್ತು ಅಂದೆ. ಎಲ್ಲಿ ಕೆಲ್ಸ ಅಂದ್ರು. ಇಂಥ ಹೋಟ್ಲು ಅಂದೆ. ಅದ್ರಲ್ಲೇನು?" ನಾನು ಆ ಹೋಟೆಲಿನ ಕೋಣೆಯ ಬಗ್ಗೆ, ಆಯಾ ಕೆಲಸದ ಬಗ್ಗೆ, ಮಗುವಿನ ಬಗ್ಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಕಬ್ಬಿಣದ ರಾಶಿಯ ಮೇಲೆ ಕೂತು ಹಣೆ ಹಣೆ ಬಡಿದುಕೊಂಡರು. ಆಮೇಲೆ ಅವರು ಊರಿಗೆ ಎಷ್ಟು ಸಲ ಫೋನ್ ಮಾಡಿ, ನಾನು ಹೇಳಿದ್ದೇ ತಪ್ಪು, ಬೇರೆ ಯಾವುದೋ ಹುಡುಗಿ ಎಂದು ಸಾಧಿಸಿದರೂ ಯಾರೂ ನಂಬಲಿಲ್ಲ.

ಶೋಭಾಳ ಅಣ್ಣ ಒಮ್ಮೆ ಮಾತ್ರ ಮಾತಾಡಿದನಂತೆ. ಈ ಕಡೆ ತಲೆ ಹಾಕಬೇಡ, ಮಗು ಇಲ್ಲಿರುತ್ತದೆ, ನಿನ್ನ ದುಡ್ಡೂ ಬೇಡ ಎಂದು ಫೋನ್ ಇಟ್ಟನಂತೆ. ಆಮೇಲೆ ಅವಳ ದನಿ ಕೇಳಿದರೆ ಸಾಕು, ಲೈನ್ ಕಟ್ ಮಾಡುತ್ತಿದ್ದರು. ಏಪ್ರಿಲ್ ಬಂತು. ವೀಸಾ ಮುಗಿಯಿತು. ಹೋಗಲು ಊರೇ ಇಲ್ಲದವಳನ್ನು ಮ್ಯಾನೇಜರು ಎರಡು ಮಾತಿಲ್ಲದೆ ಉಳಿಸಿಕೊಂಡ. ಹೊಸ ವೀಸಾ ಆಯಿತು. ಮಂಡ್ಯದಲ್ಲೇ ಮನೆ ಮಾಡು, ಮಗುವನ್ನು ಕೋರ್ಟಿನ ಮೂಲಕ ಕೇಳೋಣ ಎಂದು ನಾನು ಹೇಳಿದೆ. "ಅವ್ಳ ಅವ್ವ ಇಂಥೋಳು ಅಂತ ಇಸ್ಕೂಲಲ್ಲಿ ಕೈ ತೋರ್ಸದಾ?" ಎಂದಳು.

ಇನೇಸರಿಗೆ ನಾನು ಎಲ್ಲವನ್ನೂ ಹೇಳಿದ್ದೆ. ಮೆತ್ತಗೆ ಹೇಳಲಿಲ್ಲ. ಅವರು ಎರಡು ದಿನ ಕಾಲೇಜಿಗೆ ಬರಲಿಲ್ಲ. ಬಂದವರು, ದೂತಾವಾಸಕ್ಕೆ ಬರೆಯುತ್ತೇನೆ, ಟಿಕೆಟ್ ಕೊಡಿಸುತ್ತೇ‌ನೆ, ಅವಳ ಅಣ್ಣನ ಕಾಲಿಗೆ ಬೀಳುತ್ತೇನೆ ಎಂದರು. ಶೋಭಾ ಯಾವುದಕ್ಕೂ ಒಪ್ಪಲಿಲ್ಲ. ಅವರ ಮೇಲೆ ಸಿಟ್ಟೂ ಮಾಡಿಕೊಳ್ಳಲಿಲ್ಲ. ಹೊರಡುವ ಮುಂಚೆ ಇನೇಸ್ ತಾವು ಶೋಭಾಳ ಮೇಲೆ ಬರೆದ ಪದ್ಯವನ್ನು ನನಗೆ ಓದಿ ಹೇಳಿ, ಇದನ್ನು ಅಚ್ಚು ಮಾಡಿಸುವುದಿಲ್ಲ ಎಂದರು. ಪದ್ಯ ತುಂಬ ಚೆನ್ನಾಗಿತ್ತು. ಚೆನ್ನಾಗಿದ್ದದ್ದನ್ನೇ ನನ್ನಿಂದ ಸಹಿಸಲಾಗಲಿಲ್ಲ. ಏರ್‌ಪೋರ್ಟಿಗೆ ಬಿಡಲು ಹೋದಾಗ ಅವರ ಪೆಟ್ಟಿಗೆ ಇಳಿಸಿಕೊಟ್ಟು ಅದೇ ಟ್ಯಾಕ್ಸಿಯಲ್ಲಿ ವಾಪಸು ಬಂದೆ.

ಮೇ ತಿಂಗಳ ಒಂದು ಶುಕ್ರವಾರ. ಗಾಳಿಯಲ್ಲಿ ಮರಳು ಎದ್ದು ಬೀದಿಯೆಲ್ಲ ಹಳದಿಯಾಗಿತ್ತು. ಶೋಭಾ ಹೇಳಿಕಳಿಸಿದ್ದಕ್ಕೆ ಅಂಗಡಿಗೆ ಹೋದೆ. ಹಮೀದಾಕ ಜುಮ್ಮಾ ನಮಾಜಿಗೆ ಹೋಗುತ್ತಾ ಬಾಗಿಲು ಎಳೆದುಕೊಂಡು, "ನೀವು ಮಾತಾಡಿ, ಯಾರೂ ಬರುವುದಿಲ್ಲ" ಎಂದು ಹೋದ. ಆ ಹೊತ್ತಿಗೆ ಊರಿನಲ್ಲಿ ಶೋಭಾಳ ಅಣ್ಣ ಹೊಲದಲ್ಲಿರುತ್ತಾನೆ. ಎದುರು ಮನೆಗೆ ಫೋನ್ ಮಾಡಿ ಮಗುವನ್ನು ಕರೆಸಿ, ನೀವೇ ಮಾತಾಡಿ, ಹೇಗಿದ್ದಾಳೆ ಕೇಳಿ ಎಂದಳು. ನಾನು ಶಾಲೆಯ ಇನ್ಸ್‌ಪೆಕ್ಟರ್ ಆಫೀಸಿನಿಂದ ಎಂದು ಸುಳ್ಳು ಹೇಳಿದೆ. ಯಾರೋ ಮುದುಕಿ ಮಗುವನ್ನು ಕೂಗಿ ಕರೆದಳು. ಗಾಜಿನ ಗೂಡಿನಲ್ಲಿ ನಾವಿಬ್ಬರೂ ಒತ್ತಿ ನಿಂತಿದ್ದೆವು. ಆ ಫೋನಿನ ದನಿ ಜೋರು. ಆ ಕಡೆಯ ಮಾತು ಇಬ್ಬರಿಗೂ ಕೇಳುತ್ತಿತ್ತು.

"ಪವಿತ್ರಾ, ಚೆನ್ನಾಗಿದೀಯಾ ಪುಟ್ಟ? ಮನೇಲಿ ಯಾರ್ಯಾರಿದ್ದಾರೆ?"

"ಮಾವ, ಅತ್ತೆ, ಅಜ್ಜಿ."

"ಅಮ್ಮ?"

"ಅವ್ವ ಸತ್ತೋಯ್ತು. ದುಬಾಯಲ್ಲಿ. ಮಾವ ತಿಥಿ ಮಾಡುದ್ರು. ಎಲ್ಲಾರೂ ಬಂದಿದ್ರು."

ಬದುಕಿದ್ದವಳಿಗೆ ಎಳ್ಳುನೀರು ಬಿಟ್ಟಿದ್ದರು. ಇಲ್ಲ ಪುಟ್ಟ, ನಿಮ್ಮಮ್ಮ ಇಲ್ಲೇ ಇದ್ದಾಳೆ ಎನ್ನಲು ಬಾಯಿ ತೆರೆದೆ. ಶೋಭಾ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಗಟ್ಟಿಯಾಗಿ ಮುಚ್ಚಿದಳು. ಸತ್ತವಳ ಮಗುವಿಗೆ ಊರೇ ಕರೆದು ಅನ್ನ ಹಾಕುತ್ತದೆ, ಯಾರೂ ಕೈ ತೋರಿಸುವುದಿಲ್ಲ ಎಂಬುದು ನನಗೆ ಹೊಳೆಯುವ ಮೊದಲೇ ಅವಳಿಗೆ ಹೊಳೆದಿತ್ತು. ಇನ್ನೊಂದು ಕೈಯಲ್ಲಿ ರಿಸೀವರ್ ತೆಗೆದುಕೊಂಡಳು. ತನ್ನ ದನಿ ಮಗುವಿಗೆ ಗುರುತು ಸಿಗಬಾರದಲ್ಲ. ಗಂಟಲು ಸರಿಮಾಡಿಕೊಂಡು ಪದ್ಮರೇಖಾಳ ದನಿಯಲ್ಲಿ ಮಾತಾಡಿದಳು.

"ಪವಿತ್ರಾ, ನಾನು ನಿನ್ನ ತಾಯಿಯ ಗೆಳತಿ ಮಾತನಾಡುತ್ತಿದ್ದೇನೆ. ಊಟ ಮಾಡಿದೆಯಾ ಕಂದಾ?"

"ಹ್ಞೂ ಆಂಟಿ. ಮುದ್ದೆ, ಉಪ್ಸಾರು."

"ಜಾಣೆ. ಶಾಲೆಗೆ ಹೋಗುತ್ತೀಯಾ? ತಲೆ ಯಾರು ಬಾಚುತ್ತಾರೆ?"

"ಅತ್ತೆ." ಆಮೇಲೆ ಮಗು ಮೆಲ್ಲಗೆ ಕೇಳಿತು: "ಅವ್ವ ಸಾಯುವಾಗ ನೀವ್ ಅಲ್ಲಿದ್ರಾ ಆಂಟಿ?"

ಶೋಭಾ ಗಾಜಿಗೆ ಹಣೆ ಒತ್ತಿದಳು. ಕಣ್ಣಿನಿಂದ ನೀರು ಹರಿದು ಗಲ್ಲದ ಮಚ್ಚೆ ಕದಡುತ್ತಿತ್ತು. ದನಿ ಮಾತ್ರ ಒಂದಿಷ್ಟೂ ಅಲುಗಲಿಲ್ಲ.

"ಇದ್ದೆ ಕಂದಾ, ಪಕ್ಕದಲ್ಲೇ ಇದ್ದೆ. ಕೊನೆಯವರೆಗೂ ನಿನ್ನ ಹೆಸರನ್ನೇ ಹೇಳುತ್ತಿದ್ದಳು."